ಶಾಕ್ ಅಬ್ಸಾರ್ಬರ್‌ಗೆ ಹೇಳಿದ ತೂಕ

ಹಳೇ ಬೈಕ್ ಇಟ್ಟುಕೊಂಡವನ ಮನೆಯಲ್ಲಿ ತಿಂಗಳಿಗೊಂದು ಪ್ರಸಂಗ ನಡೆಯಲಿಲ್ಲ ಎಂದರೆ ಬೈಕು ಕೆಟ್ಟು ನಿಂತಿದೆ ಎಂದೇ ಅರ್ಥ. ನನ್ನದು ಅಪ್ಪ ಓಡಿಸುತ್ತಿದ್ದ ಬೈಕು. ಪ್ರತಿ ಭಾನುವಾರ ಶಿವಮೊಗ್ಗದ ಹೊಸಮನೆಯಿಂದ ಭದ್ರಾವತಿಯ ನ್ಯೂ ಟೌನ್‌ಗೆ, ಹೆಂಡತಿಯ ಅಕ್ಕನ ಮನೆಗೆ, ಇಬ್ಬರೂ ಅದರಲ್ಲೇ ಹೋಗುತ್ತೇವೆ. ಈಚೆಗೆ ಹಂಪ್ ಬಂದಾಗಲೆಲ್ಲ ಹಿಂದುಗಡೆ ‘ದಡ್’ ಎಂದು ಕುಕ್ಕತೊಡಗಿತು. ಹೆಂಡತಿ ತೀರ್ಪು ಕೊಟ್ಟೇಬಿಟ್ಟಳು.

“ಇದನ್ನ ರಿಪೇರಿ ಮಾಡಿಸಿ, ಇಲ್ಲಾಂದ್ರೆ ಗುಜರಿಗೆ ಹಾಕಿ. ಮಾವನವರ ನೆನಪಿಗೆ ಗೋಡೆ ಮೇಲೆ ಫೋಟೋ ಇದೆ. ಅದು ನನ್ನ ಸೊಂಟಕ್ಕೇನೂ ಮಾಡಲ್ಲ.”

೧. ಒಂದು ಕಡೆ ಮುಗೀತು

ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ.

“ಮೆಕ್ಯಾನಿಕ್ ಯಾಕೆ ಮಾರಾಯ? ಶಾಕ್ ಅಬ್ಸಾರ್ಬರ್ ಕೆಳಗಡೆ ಐದು ಮೆಟ್ಟಿಲು ಇರ್ತವೆ. ಮೇಲಿನ ಮೆಟ್ಟಿಲಿಗೆ ತಿರುಗಿಸಿದಷ್ಟೂ ಸ್ಪ್ರಿಂಗ್ ಬಿಗಿ. ಅಷ್ಟೇ!”

ಅರ್ಧ ಗಂಟೆ ತಿಣುಕಿ ಬಲಗಡೆಯದನ್ನು ಐದಕ್ಕೆ ಏರಿಸಿದರು. ಅಷ್ಟರಲ್ಲಿ ಕಾಫಿ ಬಂತು. ಕಾಫಿಯ ಜೊತೆ ರಾಜಕೀಯವೂ ಬಂತು. ಎಡಗಡೆಯೂ ಒಂದಿದೆ ಎಂಬುದು ಇಬ್ಬರಿಗೂ ಮರೆತೇ ಹೋಯಿತು.

ಭಾನುವಾರ ಹೊರಟರೆ ಬೈಕು ಒಂದು ಕಡೆಗೇ ಎಳೆಯುತ್ತಿದೆ. ಬಸ್ ಸ್ಟ್ಯಾಂಡ್ ಎದುರು ಅದು ಸ್ಟ್ಯಾಂಡಿನ ಕಡೆಗೇ ವಾಲಿದಾಗ ಹೆಂಡತಿ ಹೆಗಲು ತಟ್ಟಿದಳು. “ನೋಡಿ, ನಾನು ಬಸ್ಸಲ್ಲಿ ಹೋಗೋದೇ ವಾಸಿ ಅಂತ ಗಾಡಿಗೂ ಗೊತ್ತಾಗಿದೆ.”

೨. ಗೋಡೆಯ ಮೇಲಿನ ಲೆಕ್ಕ

ನ್ಯೂ ಟೌನ್‌ನಲ್ಲಿ ಒಬ್ಬರು ಹಿರಿಯರಿದ್ದಾರೆ. ಕಾರ್ಖಾನೆಯಲ್ಲಿ ಕ್ರೇನ್ ಕೆಲಸ ಮಾಡಿ ನಿವೃತ್ತರಾದವರು, ಈಗ ಮನೆ ಮುಂದೆಯೇ ಹಳೇ ಬೈಕು ರಿಪೇರಿ ಮಾಡುತ್ತಾರೆ. ಅಂದೇ ಬೈಕನ್ನು ಅವರ ಹತ್ತಿರ ಒಯ್ದೆವು. ಸ್ಪ್ಯಾನರ್ ಮುಟ್ಟುವ ಮೊದಲು ಸೀಮೆಸುಣ್ಣ ಹಿಡಿದರು.

“ಭಾರ ಎಷ್ಟು ಅಂತ ಗೊತ್ತಿಲ್ದೆ ನಾನು ಏನನ್ನೂ ಎತ್ತಿದವನಲ್ಲ. ನಿಮ್ದೆಷ್ಟು ಸಾರ್?”

“ಎಪ್ಪತ್ತು ಕೆ.ಜಿ.”

“ಅಮ್ಮಾ, ನಿಮ್ದು?”

“ಐವತ್ತೆರಡು,” ಎಂದಳು ಹೆಂಡತಿ.

ಎರಡನ್ನೂ ಕಾಂಪೌಂಡ್ ಗೋಡೆಯ ಮೇಲೆ ಬರೆದು ಕೂಡಿದರು. ಎರಡೂ ಕಡೆ ಎರಡನೇ ಮೆಟ್ಟಿಲಿಗೆ ಕೂರಿಸಿ ಕಳಿಸಿದರು. ವಾಪಸ್ ಬರುವಾಗ ಮೊದಲ ಹಂಪ್‌ಗೇ ‘ದಡ್’! ‘ಐವತ್ತೆರಡಂತೆ!’ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳುವ ಧೈರ್ಯ ಯಾವ ಗಂಡನಿಗಿದೆ? ಆದರೂ ಅವಳಿಗೆ ತನ್ನ ತೂಕದ ಮೇಲೇ ಅನುಮಾನ ಬಂದಿರಬೇಕು. ಪಾಪ, ಅಂದಿನಿಂದ ರಾತ್ರಿ ಅನ್ನ ಬಿಟ್ಟಳು.

ಮಾಡಿದ ಅನ್ನ ಹಾಳಾಗಬಾರದಲ್ಲ. ಅವಳ ಪಾಲನ್ನೂ ನಾನೇ ತಿಂದೆ.

೩. ಗುಜರಿ ಅಂಗಡಿಯಲ್ಲಿ

ಎರಡು ವಾರ ಕಳೆದರೂ ದಡ್ ನಿಲ್ಲಲಿಲ್ಲ. ಮತ್ತೆ ಹೋದೆವು. ಹಿರಿಯರಿಗೆ ಅವಮಾನವಾದಂತಾಯಿತು.

“ನನ್ನ ಸೆಟ್ಟಿಂಗ್ ತಪ್ಪೋದಿಲ್ಲ ಸಾರ್. ಲೆಕ್ಕ ತಪ್ಪಿರ್ಬೇಕು. ಬನ್ನಿ!”

ಕರೆದುಕೊಂಡು ಹೋಗಿದ್ದು ನೇರ ಪಕ್ಕದ ಗುಜರಿ ಅಂಗಡಿಗೆ. ಅಪ್ಪನ ಬೈಕಿನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವರಿಗೆ ಬೇಕಾಗಿದ್ದದ್ದು ಅಲ್ಲಿನ ತೂಕದ ಮಿಷನ್.

ಮೊದಲು ಹೆಂಡತಿ ಕಣ್ಣು ಮುಚ್ಚಿಕೊಂಡು ಹತ್ತಿದಳು. ಐವತ್ತು!

ಆಮೇಲೆ ನಾನು ಹತ್ತಿದೆ. ತೊಂಬತ್ತೊಂದು.

“ಚಪ್ಪಲಿ ಬಿಟ್ಟು ನೋಡ್ಲಾ?” ಎಂದೆ.

“ಹಾಗೇನಾದ್ರೂ ಎಪ್ಪತ್ತು ಬಂದ್ರೆ, ಆ ಚಪ್ಪಲೀನ ನಾನೇ ತಗೊಳ್ತೀನಿ ಸಾರ್, ಒಳ್ಳೇ ಕಬ್ಬಿಣ,” ಎಂದ ಗುಜರಿ ಅಂಗಡಿಯವನು.

ಎಪ್ಪತ್ತು ನನ್ನ ಮದುವೆಯ ಕಾಲದ ತೂಕ. ಆಮೇಲೆ ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಹಿರಿಯರು ಮನೆಗೆ ವಾಪಸ್ ಬಂದು ಗೋಡೆಯ ಮೇಲಿನ ಎಪ್ಪತ್ತನ್ನು ಒರೆಸಿ ತೊಂಬತ್ತೊಂದು ಬರೆದರು. ಎರಡೂ ಕಡೆ ನಾಲ್ಕನೇ ಮೆಟ್ಟಿಲಿಗೆ ಏರಿಸಿದರು.

ಊರಿಗೆ ಹೊರಟೆವು. ಮೊದಲ ಹಂಪು ಬಂತು. ಹೆಂಡತಿ ನನ್ನ ಹೆಗಲು ಗಟ್ಟಿಯಾಗಿ ಹಿಡಿದಳು. ಬೈಕು ಮೆತ್ತಗೆ ಎದ್ದು ಮೆತ್ತಗೆ ಇಳಿಯಿತು. ಎರಡನೆಯದೂ ಹಾಗೇ ದಾಟಿತು. ನಾಚಿಕೆಯೆಲ್ಲ ಮರೆತು ನನಗೆ ಹೋದ ಜೀವ ಬಂದಂತಾಯಿತು. ಅಪ್ಪನ ಬೈಕು ಉಳಿಯಿತು!

“ಗುಜರಿಗೆ ಹಾಕೋದು...” ಎಂದು ಮೆಲ್ಲಗೆ ತೆಗೆದೆ.

“ಬೇಡ ಬಿಡಿ, ಪಾಪ, ಗಾಡೀದೇನೂ ತಪ್ಪಿಲ್ಲ,” ಎಂದಳು ಹಿಂದಿನಿಂದ. “ಆದ್ರೆ ಇವತ್ತಿಂದ ರಾತ್ರಿ ನಿಮ್ಮ ಪಾಲಿನ ಅನ್ನಾನೂ ನಾನೇ ತಿಂತೀನಿ. ಹಾಳಾಗಬಾರದಲ್ಲ!”