ಗುಮಾಸ್ತನ ಎದೆಬಡಿತ

ಹಲ್ಲುಜ್ಜುವಾಗ ಎದೆ ಧಡಧಡನೆ ಹೊಡೆದುಕೊಂಡಿತು. ಅದನ್ನು ಬಾಯಲ್ಲಿದ್ದ ನೀರಿನೊಡನೆ ಉಗಿದುಬಿಟ್ಟಿದ್ದರೆ ದಿನ ಹೇಗೋ ಕಳೆದುಹೋಗುತ್ತಿತ್ತು. ಆದರೆ ವೈದ್ಯಕೀಯ ಕಾಲೇಜಿನ ಮೂರನೆಯ ವರ್ಷದ ಆ ವಿದ್ಯಾರ್ಥಿ ಅದನ್ನು ತಾಯಿಯ ಮುಂದೆ ಆಡಿಬಿಟ್ಟ.

"ಡಾಕ್ಟ್ರಿಗೇ ಎದೆ ಹೊಡ್ಕೊಂಡ್ರೆ ನಮ್ಮಂಥೋರ ಗತಿ ಏನು?" ಎಂದು ತಾಯಿ ನಕ್ಕು, ಮಹಡಿಮನೆಯ ದರ್ಜಿಯಮ್ಮನ ಮಂಡಿಯ ಎಕ್ಸ್‌ರೇಯನ್ನು ಅವನ ಕೈಗಿತ್ತಳು. ಪಾಪ, ಆಕೆ ನಿನ್ನೆಯಿಂದ ಕಾಯುತ್ತಿದ್ದಾಳಂತೆ.

ಕಾಲೇಜು ಸೇರಿದ ದಿನವೇ ಮನೆಯವರು ಅವನ ಹೆಸರನ್ನು ಹಳೆಯ ಅಂಗಿಯಂತೆ ಕಳಚಿಟ್ಟಿದ್ದರು. ಅಪ್ಪನಿಗೆ ಅವನು ಡಾಕ್ಟ್ರು, ತಂಗಿಗೆ ಡಾಕ್ಟ್ರಣ್ಣ, ಬೀದಿಗೆ ನಮ್ಮ ಡಾಕ್ಟ್ರು. ಹಾಲಿನವನು ಕ್ಯಾನು ಕೆಳಗಿಡುವ ಮೊದಲೇ ನಾಲಗೆ ಚಾಚಿ ನಿಲ್ಲುತ್ತಿದ್ದ. ಇಂಥ ಡಾಕ್ಟ್ರಿಗೆ ಜ್ವರ ಬಂದರೆ ಮನೆತನಕ್ಕೆ ಅವಮಾನ; ನಿದ್ದೆ ಬಾರದಿದ್ದರೆ ಓದಿನ ಮೇಲಿನ ಶ್ರದ್ಧೆ. ಕಾಲೇಜಿನಲ್ಲಾದರೂ ಹೇಳಿಕೊಳ್ಳೋಣವೆಂದರೆ, ಹಿಂದೊಮ್ಮೆ ಸುಸ್ತೆಂದ ಸಹಪಾಠಿಗೆ ಹಿರಿಯರು ಉಪದೇಶಿಸಿದ್ದರು: ದಣಿಯುವುದು ರೋಗಿಯ ಹಕ್ಕು, ನಮ್ಮದಲ್ಲ.

ಅವನಿಗೆ ಬೇಕಾದದ್ದು ಇಷ್ಟೇ. ಒಂದು ದಿನ, ಒಂದೇ ಒಂದು ದಿನ, ಯಾರಾದರೂ ಅವನ ಮಣಿಕಟ್ಟು ಹಿಡಿದು, ನಿನಗೆ ಹುಷಾರಿಲ್ಲ, ಮಲಗು ಎನ್ನಬೇಕು.

ಬಿಳಿಯ ಕೋಟನ್ನೂ ಗುರುತಿನ ಚೀಟಿಯನ್ನೂ ಮಂಚದಡಿ ಬಚ್ಚಿಟ್ಟು, ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಯಲ್ಲಿದ್ದ ಬೇರೆ ಕಾಲೇಜಿನ ಆಸ್ಪತ್ರೆಗೆ ಹೋದ. ಕೌಂಟರಿನಲ್ಲಿ ಉದ್ಯೋಗವೇನೆಂದು ಕೇಳಿದಾಗ, ಧಾನ್ಯದ ಅಂಗಡಿಯಲ್ಲಿ ಗುಮಾಸ್ತ ಎಂಬ ಮಾತು ತಾನಾಗಿ ಬಾಯಿಂದ ಜಾರಿತು. ಹಾಗಾದ್ರೆ ಅಲ್ಲಿ ಹೋಗಿ ಕೂತ್ಕೊಳೋ ಎಂದರು. ಮೂರು ವರ್ಷಗಳಲ್ಲಿ ಅಷ್ಟು ಸಿಹಿಯಾದ ಏಕವಚನ ಅವನ ಕಿವಿಗೆ ಬಿದ್ದಿರಲಿಲ್ಲ.

ಅವನ ಎದೆಗೆ ಸ್ಟೆತಾಸ್ಕೋಪಿಟ್ಟ ಕಿರಿಯ ವೈದ್ಯನ ಮುಖ ನಿಧಿ ಕಂಡವನ ಮುಖದಂತೆ ಅರಳಿತು. ಅಂದು ಅಲ್ಲಿ ಪ್ರಾಯೋಗಿಕ ಪರೀಕ್ಷೆ. ವಿದ್ಯಾರ್ಥಿಗಳು ತಪಾಸಣೆ ಮಾಡಲು ಒಬ್ಬ ರೋಗಿ ಕಡಿಮೆ ಬಿದ್ದಿದ್ದ. ಸ್ವಲ್ಪ ಹೊತ್ತು ಮಲಗಿದರೆ ಸಾಕು, ಊಟವೂ ಉಂಟು ಎಂದು ಪುಸಲಾಯಿಸಿ, ಆಸ್ಪತ್ರೆಯ ನಿಲುವಂಗಿ ತೊಡಿಸಿ ಮಲಗಿಸಿದರು. ನರ್ಸು ಹೊದಿಕೆಯನ್ನು ಗಲ್ಲದವರೆಗೆ ಎಳೆದಳು. ಯಾವ ಪುಣ್ಯದ ಫಲವೋ ಎಂದು ಅವನು ಕಣ್ಣು ಮುಚ್ಚಿದ.

ತೆರೆದಾಗ ಎದುರಿಗೆ ಪರೀಕ್ಷೆಯ ಹುಡುಗಿ ನಿಂತಿದ್ದಳು. ಸ್ಟೆತಾಸ್ಕೋಪು ಕಿವಿಗೆ ತಿರುಗಾಮುರುಗಾ ಸಿಕ್ಕಿಕೊಂಡಿತ್ತು. ಕೇಳಿದ್ದಕ್ಕೆಲ್ಲ ಅವನು ಗುಮಾಸ್ತನಂತೆಯೇ ಉತ್ತರಿಸಿದ. ಆದರೆ ಮಾತಿನ ನಡುವೆ ಅಭ್ಯಾಸಬಲದಿಂದ ಅವನ ಬೆರಳುಗಳು ತನ್ನದೇ ನಾಡಿಯ ಮೇಲೆ ಸರಿಯಾಗಿ ಕುಳಿತವು, ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಹುಡುಗಿ ಅದನ್ನು ನೋಡಿದಳು.

"ನಿಮಗೂ ನಿದ್ದೆ ಬರಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ," ಎಂದ. ಆ ಆಸ್ಪತ್ರೆಯಲ್ಲಿ ಅವನಾಡಿದ ಮೊದಲ ಸತ್ಯ ಅದು.

ಅಷ್ಟರಲ್ಲಿ ಹೊರಗಿನ ಕಾಲೇಜಿನಿಂದ ಕರೆಸಿದ್ದ ಪರೀಕ್ಷಕರು ಒಳಬಂದರು. ಬಂದವರು ಅವನದೇ ಪ್ರಾಧ್ಯಾಪಕರು. ಹುಡುಗರು ಗುಟ್ಟಾಗಿ 'ಹದ್ದು' ಎಂದು ಕರೆಯುತ್ತಿದ್ದವರು. ತಮ್ಮ ವಿದ್ಯಾರ್ಥಿಯ ಮುಖವನ್ನು ಸಾವಿರ ಜನರ ಸಂತೆಯಲ್ಲೂ ಹೆಕ್ಕಬಲ್ಲೆನೆಂಬುದು ಅವರ ಹೆಮ್ಮೆ. ಹದ್ದಿನ ದೃಷ್ಟಿ ದಿಂಬಿನ ಮೇಲೆ ಹಾಯ್ದಂತೆಯೇ ಅವನ ಮುಖದ ಮೇಲೂ ಹಾಯ್ದು ಮುಂದಕ್ಕೆ ಹೋಯಿತು.

ರೋಗವೇನೆಂದು ಅವರು ಕೇಳಲು, ಹುಡುಗಿ, "ಸರ್, ಇವ್ರು ಮೆಡಿಕಲ್ ಸ್ಟೂಡೆಂಟು. ಕಾಯಿಲೆ ಎದೇದಲ್ಲ, ಓದಿಂದು," ಎಂದಳು.

"ಗುಮಾಸ್ತ ಅಂತ ಬರ್ದಿದೆ. ಸ್ಟೂಡೆಂಟ್ ಮುಖ ನನಗೆ ಗೊತ್ತಾಗಲ್ವೇನಮ್ಮಾ? ಮುಂದಿನ ವರ್ಷ ಬನ್ನಿ."

ಹುಡುಗಿಯ ಕಣ್ಣು ತುಂಬಿತು. ಅವನು ಸುಮ್ಮನಿದ್ದರೆ ಊಟ ಮಾಡಿ ಮನೆ ಸೇರಬಹುದಿತ್ತು. ಆದರೆ ನಿಜ ಹೇಳಿದವಳ ಒಂದು ವರ್ಷ ಮಣ್ಣುಪಾಲಾಗುತ್ತಿತ್ತು. ಅವನು ಎದ್ದು ಕುಳಿತು, "ಸರ್, ಅವ್ರು ಹೇಳಿದ್ದು ನಿಜ. ನಾನು ನಿಮ್ಮ ಕ್ಲಾಸಿನವನೇ. ಮೂರನೇ ಬೆಂಚು," ಎಂದ.

ಪ್ರಾಧ್ಯಾಪಕರು ಗುರುತಿನ ಚೀಟಿ ಕೇಳಿದರು. ಇರಲಿಲ್ಲ. ಪರಕಾಯ ಪ್ರವೇಶ ಮಾಡಿದ ಯೋಗಿ ಹಿಂದಿರುಗಿ ನೋಡಿದಾಗ ಸ್ವಂತ ದೇಹ ಸುಟ್ಟುಹೋಗಿದ್ದರೆ ಹೇಗಾದೀತು, ಅವನಿಗೆ ಹಾಗಾಯಿತು. ಗತಿಗೆಟ್ಟು, ಎದೆಬಡಿತದ ಪಾಠವನ್ನು ಮೊದಲಿಂದ ಕೊನೆಯವರೆಗೆ ತಡೆಯಿಲ್ಲದೆ ಒಪ್ಪಿಸಿದ. ಅವರು ಶಾಂತವಾಗಿ ಕೇಳಿ, ತಮ್ಮ ತರಗತಿಯ ಯಾವನೂ ಇಷ್ಟು ಸರಿಯಾಗಿ ಹೇಳಿದ್ದಿಲ್ಲ, ಆದ್ದರಿಂದ ಇವನು ತಮ್ಮ ವಿದ್ಯಾರ್ಥಿಯಲ್ಲವೆಂಬುದು ಸಿದ್ಧವಾಯಿತೆಂದು ತೀರ್ಪಿತ್ತರು.

ಆಮೇಲೆ ಹುಡುಗಿಯ ಕಡೆ ತಿರುಗಿ, "ಈಗ ಹೇಳಿ, ಇದೇನು?" ಎಂದರು.

ಅವಳ ಕೆನ್ನೆಯಿನ್ನೂ ಆರಿರಲಿಲ್ಲ. ಅವನನ್ನು ನೋಡಲಿಲ್ಲ, ನೆಲವನ್ನು ನೋಡಿದಳು.

"ಭ್ರಮೆ, ಸರ್."

"ಭೇಷ್. ಪಾಸು."

ಇಬ್ಬರು ಆಳುಗಳು ಅವನನ್ನು ಮನೋರೋಗದ ವಾರ್ಡಿಗೆ ನಡೆಸಿಕೊಂಡು ಹೋದರು. ಅಲ್ಲಿನ ವೈದ್ಯೆ ಕರುಣಾಮಯಿ. ಅವನನ್ನು ಡಾಕ್ಟ್ರು ಎಂದು ಕರೆಯುವವರು ಯಾರು ಯಾರೆಂದು ಮೃದುವಾಗಿ ವಿಚಾರಿಸಿದಳು. ಇಡೀ ಬೀದಿ ಎಂದ. ಮನೆಯಲ್ಲಿಯೋ? ಅಪ್ಪ, ತಂಗಿ. ತಾಯಿಯೂ? ತಾಯಿಯೂ. ಆಕೆ ನಿಟ್ಟುಸಿರಿಟ್ಟು, ರೋಗ ಬಹಳ ಬೇರೂರಿದೆ ಎಂಬಂತೆ ತಲೆಯಾಡಿಸಿದಳು. ಮನೆಗೆ ಫೋನು ಮಾಡಿ ಕೇಳಲೇ ಎಂದಾಗ ಅವನು ಎರಡೂ ಕೈ ಜೋಡಿಸಿ ಬೇಡವೆಂದು ಅಂಗಲಾಚಿದ. ಡಾಕ್ಟ್ರು ರೋಗಿಯಾಗಿ ಬಿದ್ದಿದ್ದಾರೆಂದು ಅಮ್ಮನಿಗೆ ತಿಳಿಯುವುದಕ್ಕಿಂತ ಇಲ್ಲಿಯೇ ಮುದುಕನಾಗುವುದು ಮೇಲೆಂದು ಅವನಿಗೆ ತೋರಿತು.

ವೈದ್ಯೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅವನ ಮಣಿಕಟ್ಟು ಹಿಡಿದಳು.

"ನೋಡಪ್ಪಾ, ನಿಂಗೆ ಹುಷಾರಿಲ್ಲ. ನಿನ್ನ ಇಲ್ಲೇ ಇಟ್ಕೊಳೋ ಆಸೆ ನಂಗೂ ಇಲ್ಲ. ನಾನು ಡಾಕ್ಟ್ರಲ್ಲ ಅಂತ ಒಂದೇ ಒಂದು ಸಲ ಬಾಯ್ಬಿಟ್ಟು ಹೇಳು. ಈಗ್ಲೇ ಮನೆಗೆ ಹೋಗು."

ಎಷ್ಟು ಸುಲಭ! ಇಷ್ಟು ವರ್ಷ ಎದೆಯೊಳಗೆ ಗುದ್ದುತ್ತಿದ್ದ ಮಾತೇ ಅದು. ಕೇಳುವ ಕಿವಿ ಈಗ ಎದುರಿಗೇ ಕುಳಿತಿತ್ತು, ಬಾಗಿಲು ತೆರೆದೇ ಇತ್ತು. ಅವನು ಬಾಯಿ ತೆರೆದ. ನಾಲಗೆ ಎದ್ದಿತು, ತಡವರಿಸಿತು, ಮತ್ತೆ ಮಲಗಿತು. ಕೊನೆಗೂ ಪೂರ್ತಿ ಬಲ ಹಾಕಿ ಹೇಳಿದ:

"ಇನ್ನೂ ಆಗಿಲ್ಲ, ಮೇಡಂ. ಇನ್ನೆರಡು ವರ್ಷ ಇದೆ."

ವೈದ್ಯೆ ಅವನ ಕೈಯನ್ನು ಮೆಲ್ಲಗೆ ಕೆಳಗಿಟ್ಟು, ಕಿಟಕಿಯ ಪಕ್ಕದ ಮಂಚಕ್ಕೆ ಹಾಸಿಗೆ ಹಾಸುವಂತೆ ನರ್ಸಿಗೆ ಹೇಳಿದಳು.