ಭೀಮಾಶಂಕರನ ಡಬ್ಬಿ ದರ್ಬಾರು

ಭಾನುವಾರ ಎಂಬ ರಜಾದಿನವೊಂದು ಉಂಟೆಂದು ಭೀಮಾಶಂಕರ ಕ್ಯಾಲೆಂಡರಿನಲ್ಲಿ ಓದಿ ಬಲ್ಲನೇ ಹೊರತು, ಅದನ್ನು ಅನುಭವಿಸಿದವನಲ್ಲ. ಉಳಿದ ದಿನಗಳಲ್ಲಿ ಅವನು ಅಬಿಡ್ಸಿನ ವಿಮಾ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತ. ಭಾನುವಾರ ಮಾತ್ರ ಹೆಂಡತಿ ಸುವರ್ಣಾಳ ರೊಟ್ಟಿ ಸಾಮ್ರಾಜ್ಯದ ಸಾರಿಗೆ ಸಚಿವ. (ಖಾತೆ ದೊಡ್ಡದು, ವಾಹನ ಹಳೆಯ ಸ್ಕೂಟರು, ಸಂಬಳ ಒಂದು ಕಪ್ ಚಹಾ.)

ಕಲಬುರಗಿಯಿಂದ ತೆಲುಗು ನಾಡಿನ ರಾಜಧಾನಿಗೆ ಬಂದು ಅಲ್ಲಿನ ಮಣಿಕೊಂಡ ಬಡಾವಣೆಯಲ್ಲಿ ನೆಲೆಸಿದ ಸುವರ್ಣಾ ವಾರವಾರ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡಿ ಸುತ್ತಲಿನ ಕನ್ನಡ ಮನೆಗಳಿಗೆ ಕಳಿಸುತ್ತಿದ್ದಳು. ಎಲ್ಲವೂ ಸ್ಟೀಲಿನ ಡಬ್ಬಿಯಲ್ಲೇ ಹೋಗಬೇಕು. "ಪ್ಲಾಸ್ಟಿಕ್ಕಿನ್ಯಾಗ ಹಾಕಿದ್ರ ಎಣಗಾಯಿಗೆ ಜ್ವರದ ಗುಳಗಿ ವಾಸನಿ ಬರತೈತಿ" ಎಂಬುದು ಅವಳ ಸಿದ್ಧಾಂತ. ಡಬ್ಬಿಗಳು ಹೋಗುವಾಗ ತಕರಾರಿಲ್ಲದೆ ಹೋಗುತ್ತಿದ್ದವು, ವಾಪಸ್ಸು ಬರುವಾಗಲೇ ಪಂಚಾಯಿತಿ. ಭೀಮಾಶಂಕರ ಅಪಾರ್ಟ್‌ಮೆಂಟಿನ ಗೇಟಿಗೆ ಬಂದರೆ ವಾಚ್‌ಮನ್ ಇಂಟರ್‌ಕಾಮಿನಲ್ಲಿ "ಡಬ್ಬಾಲ ಸಾರ್ ವಚ್ಚಾರಂಡಿ" ಎಂದು, ಡಬ್ಬಿ ಸಾಹೇಬರು ಬಂದಿದ್ದಾರೆಂಬುದನ್ನು ತೆಲುಗಿನಲ್ಲಿ ಸಾರುತ್ತಿದ್ದ. ಮೇಲಿನಿಂದ ಕನ್ನಡದಲ್ಲಿ ಉತ್ತರ ಬರುತ್ತಿತ್ತು, "ಈ ವಾರ ಆಗಲಿಲ್ರಿ, ಮುಂದಿನ ವಾರ ಖಂಡಿತ ಕೊಡ್ತೀವಿ." ಒಂದು ಡಬ್ಬಿಗೆ ಎಷ್ಟು ಸಲ ಹೋಗುವುದು? ಬಾಗಿಲಿನಿಂದ ಬಾಗಿಲಿಗೆ ಅಲೆದು ಮನೆಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ, ಭೀಮಾಶಂಕರನ ನಿದ್ದೆ ನೀರಿಗೆ.

ಹೀಗಿರುವಾಗ ಅವನ ಕಚೇರಿಯಲ್ಲಿ ಡೇಟಾಬೇಸ್ ಕುರಿತು ಒಂದು ಉಪನ್ಯಾಸ ನಡೆಯಿತು. ಉಪನ್ಯಾಸದ ಬಹುಭಾಗ ಅವನ ತಲೆಯ ಮೇಲಿಂದ ಹಾರಿಹೋದರೂ ಒಂದು ಮಾತು ಮಾತ್ರ ಒಳಗಿಳಿಯಿತು. ಯಾವ ವಸ್ತು ಯಾರ ಹತ್ತಿರ ಇದೆಯೆಂದು ಯಂತ್ರವೇ ನೆನಪಿಟ್ಟುಕೊಂಡು, ಯಂತ್ರವೇ ಅದನ್ನು ಕೇಳುತ್ತದಂತೆ. ಭೀಮಾಶಂಕರನಿಗೆ ತನ್ನ ಭಾನುವಾರ ಹೊದಿಕೆ ಹೊದ್ದು ಮಲಗಿದ್ದು ಕಣ್ಣಿಗೆ ಕಟ್ಟಿತು. ಅಂದೇ ಸಂಜೆ ಕೋಠಿಗೆ ಹೋಗಿ ಹಳೆ ಪುಸ್ತಕದ ಅಂಗಡಿಯಿಂದ ಡೇಟಾಬೇಸ್ ಕಲಿಸುವ ಇಟ್ಟಂಗಿ ಗಾತ್ರದ ಪುಸ್ತಕವೊಂದನ್ನು ಹೊತ್ತು ತಂದ.

ಅಲ್ಲಿಂದ ಶುರುವಾಯಿತು ತಪಸ್ಸು. ಬೆಳಗ್ಗೆ ಹಲ್ಲುಜ್ಜುತ್ತಾ ಓದಿದ, ಬಸ್ಸಿನಲ್ಲಿ ಜೋತಾಡುತ್ತಾ ಓದಿದ. ಪುಸ್ತಕದವನು ಗ್ರಂಥಾಲಯದ ಉದಾಹರಣೆ ಕೊಟ್ಟಲ್ಲೆಲ್ಲ ಇವನು ಪುಸ್ತಕ ತೆಗೆದು ಡಬ್ಬಿ ಇಟ್ಟ, ಓದುಗರನ್ನು ತೆಗೆದು ಗಿರಾಕಿಗಳನ್ನು ಇಟ್ಟ.

"ಗಿರಾಕಿಗಳಿಗೆ ಒಂದು ಟೇಬಲ್, ಡಬ್ಬಿಗಳಿಗೆ ಒಂದು ಟೇಬಲ್ ಮಾಡಾಕತ್ತೀನಿ" ಎಂದ ಹೆಂಡತಿಗೆ.

"ಮನ್ಯಾಗ ಇರೋದು ಒಂದ ಟೇಬಲ್. ಅದರ ಕಾಲು ಅಳ್ಳಾಡಾಕತ್ತಿ ಎಷ್ಟು ದಿನಾತು. ಮೊದಲು ಅದನ್ನ ಮಾಡ್ರಿ."

"ಅದಲ್ಲ ಸುವರ್ಣಾ. ಎರಡೂ ಟೇಬಲ್ಲಿನ ನಡುವ ಸಂಬಂಧ ಕೂಡಸೋದೇ ಇದರಾಗಿನ ಭಾರಿ ವಿದ್ಯಾ."

"ಸಂಬಂಧ ಕೂಡಸೋ ವಿದ್ಯಾ ಬರತಿದ್ರ ನಿಮ್ಮ ತಂಗಿ ಮಗಳಿಗೆ ಒಂದು ಕೂಡಸಬಾರದೇನ್ರಿ? ಪಾಪ, ಆಕಿ ವರ್ಷದಿಂದ ಫೋಟೋ ತೆಗಸಿ ಇಟ್ಟಾಳ."

ಅರಸಿಕರ ಮುಂದೆ ವಿದ್ಯೆ ಬಿಚ್ಚಬಾರದೆಂದು ಭೀಮಾಶಂಕರ ಎದ್ದು ಹೊರಟ. ಪಾತ್ರೆ ಅಂಗಡಿಗೆ ಹೋಗಿ ಡಬ್ಬಿಗಳ ಮೇಲೆಲ್ಲ ನಂಬರು ಕೊರೆಸಿಕೊಂಡು ಬಂದ. ಮೊದಲೇ "ಮದುವೆಯ ಸವಿನೆನಪಿಗೆ, ಸೋದರಮಾವ ಮಲ್ಲಣ್ಣ" ಎಂದು ಕೊರೆದಿದ್ದ ಡಬ್ಬಿಯ ಮೇಲೆ ಈಗ ನಂಬರೂ ಕೂತು, ಸೋದರಮಾವ ಜೈಲಿಗೆ ಹೋದವನಂತೆ ಕಾಣತೊಡಗಿದ. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಸಿದ್ಧವಾದ ಪ್ರೋಗ್ರಾಮಿಗೆ 'ಡಬ್ಬಿ ದರ್ಬಾರು' ಎಂದು ನಾಮಕರಣವಾಯಿತು. ಗುಂಡಿ ಒತ್ತಿದರೆ ಯಾವ ಡಬ್ಬಿ ಯಾರ ಮನೆಯಲ್ಲಿದೆ ಎಂದು ಹೇಳುತ್ತಿತ್ತು. ಇನ್ನೊಂದು ಗುಂಡಿ ಒತ್ತಿದರೆ ಮನೆಗಳನ್ನೆಲ್ಲ ದಾರಿಯ ಅನುಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಶನಿವಾರ ಸಂಜೆಯಾಯಿತೆಂದರೆ ಡಬ್ಬಿ ಇಟ್ಟುಕೊಂಡವರ ಫೋನಿಗೆ ತಾನೇ ಸಂದೇಶ ಕಳಿಸುತ್ತಿತ್ತು. ವಿಮಾ ಕಚೇರಿಯ ಕೈ ಸುಮ್ಮನಿದ್ದೀತೆ? ಸಂದೇಶ ಹೀಗಿತ್ತು: "ಮಾನ್ಯರೇ, ನಮ್ಮ ಸ್ವತ್ತಾದ ಸ್ಟೀಲ್ ಡಬ್ಬಿಯು ತಮ್ಮ ವಶದಲ್ಲಿರುವುದು ಕಂಡುಬಂದಿರುತ್ತದೆ. ನಾಳೆ ಮಧ್ಯಾಹ್ನದೊಳಗೆ ಖುದ್ದಾಗಿ ತಂದೊಪ್ಪಿಸತಕ್ಕದ್ದು."

"ಹಿಂಗ ಡಬ್ಬಿ ಕೇಳೋದು ಚಂದ ಅನಸಂಗಿಲ್ರಿ" ಎಂದಳು ಸುವರ್ಣಾ.

"ಕೇಳೋದು ನಾನಲ್ಲ, ಡೇಟಾಬೇಸ್ ಕೇಳತೈತಿ. ಅದಕ್ಕ ನಾಚಿಕಿ ಇರಂಗಿಲ್ಲ. ನಾಳಿಂದ ರೊಟ್ಟಿ ಬೇಕಾದವರು ಡಬ್ಬಿ ತಂದುಕೊಟ್ಟು, ರೊಟ್ಟಿ ಒಯ್ತಾರ. ನನಗ ಸುಟಿ."

ಸಂದೇಶಗಳು ಹೋದವು. ಭೀಮಾಶಂಕರ ಅಲಾರಾಂ ತೆಗೆದು, ಮುಸುಕೆಳೆದು, ಚಕ್ರವರ್ತಿಯಂತೆ ಮಲಗಿದ.

ಬೆಳಗ್ಗೆ ಹಾಲಿನವನಿಗಿಂತ ಮುಂಚೆ ಗಂಟೆ ಬಾರಿಸಿದವರು ಪಕ್ಕದ ಬ್ಲಾಕಿನ ಸೂಗಮ್ಮ. ಯಾದಗಿರಿಯ ಹಿರಿಯಾಕೆ, ಮಣಿಕೊಂಡದ ಕನ್ನಡ ಹೆಂಗಸರೆಲ್ಲರಿಗೂ ದೊಡ್ಡಕ್ಕ. ಅವರು ಸುವರ್ಣಾಳ ಡಬ್ಬಿಯನ್ನು ಬನಿಯನ್ನಿನಲ್ಲಿ ನಿಂತಿದ್ದ ಭೀಮಾಶಂಕರನ ಕೈಗಿಟ್ಟರು. ಡಬ್ಬಿ ಭಾರವಾಗಿತ್ತು.

"ಮಾದಲಿ ಐತ್ರೀಪಾ. ಖಾಲಿ ಡಬ್ಬಿ ಹೆಂಗ ಕೊಡೋದು? ಏನರ ಚಲೋದು ಮಾಡಿ ತುಂಬಿಸಿ ಕೊಡಬೇಕಂತ ವಾರದಿಂದ ಇಟಗೊಂಡಿದ್ದೆ. ನಿಮ್ಮ ನೋಟೀಸ್ ಬಂತಲ್ಲ, ಎದಿ ಝಲ್ಲಂತು. ರಾತ್ರೋರಾತ್ರಿ ಕೂತು ಮಾಡಿದೆ. ನಿಮ್ಮ ಡಬ್ಬ್ಯಾಗ ಹಿಡೀಲಿಲ್ಲ, ಅದಕ್ಕ ನಮ್ಮದೂ ಒಂದು ಡಬ್ಬಿ ತಂದೀನಿ."

ಆಗ ತಿಳಿಯಿತು ಭೀಮಾಶಂಕರನಿಗೆ, ಇಷ್ಟು ದಿನ ಡಬ್ಬಿಗಳು ಯಾಕೆ ಬರುತ್ತಿರಲಿಲ್ಲ ಎಂದು. ಯಾರಿಗೂ ಮರೆವು ಇರಲಿಲ್ಲ. ತುಂಬಲು ತಕ್ಕದ್ದೇನಾದರೂ ಆಗಲೆಂದು ಎಲ್ಲರೂ ಕಾದಿದ್ದರು. ಡಬ್ಬಿ ದರ್ಬಾರಿನಲ್ಲಿ ಡಬ್ಬಿಗೆ 'ಒಳಗೆ', 'ಹೊರಗೆ' ಎಂದು ಎರಡೇ ಸ್ಥಿತಿಗಳಿದ್ದವು. 'ಮರ್ಯಾದೆಗಾಗಿ ತಡ' ಎಂಬ ಮೂರನೆಯದನ್ನು ಅವನು ಇಟ್ಟಿರಲಿಲ್ಲ.

ಸೂಗಮ್ಮನವರ ಹಿಂದೆ ಬೀದರಿನವರು ಹುಗ್ಗಿ ತಂದರು, ರಾಯಚೂರಿನ ಜಯತೀರ್ಥರು ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಮಂಡಕ್ಕಿ ತಂದರು. ಹೊಸದಾಗಿ ಮದುವೆಯಾದ ಶೈಲಶ್ರೀಗೆ ಅಡುಗೆ ಬಾರದು. ಅವಳು ಹೋಟೆಲಿನಿಂದ ಡಬಲ್ ಕಾ ಮೀಠಾ ಎಂಬ ಬ್ರೆಡ್ಡಿನ ಸಿಹಿ ತರಿಸಿ ಸುರಿದುಕೊಂಡು ಬಂದಳು. ಬಂದವರೆಲ್ಲ ಕೂತರು. ಕೂತವರಿಗೆಲ್ಲ ಚಹಾ ಆಗಬೇಕು. ಸುವರ್ಣಾ ರೊಟ್ಟಿ ಬಡಿಯುವುದರಲ್ಲಿ ಮುಳುಗಿದ್ದರಿಂದ ಚಹಾದ ಪಾತ್ರೆ ಸಾರಿಗೆ ಸಚಿವರ ಕೈಗೆ ಬಂತು. ಸಂಜೆಗೆ ನೋಡಿದರೆ ಹೋದ ಡಬ್ಬಿಗಳೆಲ್ಲ ಬಂದಿದ್ದವು, ಜೊತೆಗೆ ಊರವರ ಡಬ್ಬಿಗಳೂ ಬಂದಿದ್ದವು. ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ, ಭೀಮಾಶಂಕರನ ಬಾಯಿ ಕೂಡ.

"ಈಗ ಇವರ ಡಬ್ಬಿ ವಾಪಸ್ ಕೊಡಬೇಕು" ಎಂದಳು ಸುವರ್ಣಾ. "ಖಾಲಿ ಕೊಡಾಕ ಬರಂಗಿಲ್ಲ. ಕರಿಗಡಬು ಮಾಡ್ತೀನಿ. ನೀವು ಮುಟ್ಟಿಸಿ ಬರ್ರಿ."

"ಕರಿಗಡಬು ಕೊಟ್ರ ಅವರು ಮತ್ತೇನರ ಕೊಡ್ತಾರ. ಅದಕ್ಕ ನೀ ಮತ್ತ ಮಾಡ್ತಿ. ಇದು ಮುಗಿಯೋದು ಯಾವಾಗ?"

"ಮುಗೀಬೇಕ್ಯಾಕ?" ಎಂದು ಅವಳು ಬೆರಗಾಗಿ ಕೇಳಿದಳು.

ಭೀಮಾಶಂಕರ ಪುಸ್ತಕಕ್ಕೆ ಮೊರೆಹೋದ. ಸುತ್ತಿದಲ್ಲೇ ಸುತ್ತುವ ಇಂಥ ರೋಗಕ್ಕೆ ಲೂಪ್ ಎಂದು ಹೆಸರಿತ್ತು. ಎಲ್ಲೋ ಒಂದು ಕಡೆ ಸೊನ್ನೆ ಬಂದರೆ ಅದು ನಿಲ್ಲುತ್ತದೆ ಎಂದು ಮದ್ದೂ ಬರೆದಿತ್ತು. ಸೊನ್ನೆ ಎಂದರೆ ಖಾಲಿ, ಅಷ್ಟೇ ತಾನೆ? ಸೋಮವಾರ ಕಚೇರಿಯಿಂದ ಬಂದವನೇ ಹೆಂಡತಿಗೆ ಗೊತ್ತಾಗದಂತೆ ಸೂಗಮ್ಮನವರ ಡಬ್ಬಿಯನ್ನು ತೊಳೆದು, ಫಳಫಳ ಒರೆಸಿ, ಅವರ ಮನೆಗೆ ಹೋಗಿ ಕೊಟ್ಟುಬಿಟ್ಟ. ಸೂಗಮ್ಮ ಮುಚ್ಚಳ ತೆಗೆದರು. ಒಳಗೆ ನೋಡಿದರು. ಇವನ ಮುಖ ನೋಡಿದರು. ಮತ್ತೆ ಒಳಗೆ ನೋಡಿ, ಮುಚ್ಚಳ ಹಾಕಿದರು. "ಆತ್ರೀಪಾ" ಎಂದರು, ಅಷ್ಟೇ. ಭೀಮಾಶಂಕರ ಲೂಪ್ ಮುರಿದ ಹಿಗ್ಗಿನಲ್ಲಿ ಸೀಟಿ ಹೊಡೆಯುತ್ತಾ ಬಂದ.

ಲೂಪ್ ಮುರಿದದ್ದೇನೋ ನಿಜ. ಆ ವಾರ ರೊಟ್ಟಿ ಬೇಕೆಂದು ಒಬ್ಬರೂ ಫೋನ್ ಮಾಡಲಿಲ್ಲ. ಭೀಮಾಶಂಕರನಿಗೆ ಒಳಗೊಳಗೇ ಖುಷಿಯಾಯಿತು, ಭಾನುವಾರ ತಾನಾಗಿಯೇ ಕೈಗೆ ಬಂತಲ್ಲ ಎಂದು. ಆದರೆ ಹಿಟ್ಟಿನ ಡಬ್ಬದ ಮುಂದೆ ಕೈಕಟ್ಟಿ ಕೂತ ಸುವರ್ಣಾಳನ್ನು ನೋಡಿದಾಗ ಆ ಖುಷಿ ಅರ್ಧಕ್ಕೇ ನಿಂತಿತು. ಕೊನೆಗೆ ಶೈಲಶ್ರೀ ಬಂದು ಬಾಯಿಬಿಟ್ಟಳು.

"ಆಂಟಿ, ನಿಮಗ ನಮ್ಮೆಲ್ಲಾರ ಮ್ಯಾಗ ಸಿಟ್ಟಂತ? ಸೂಗಮ್ಮ ಆಂಟಿಗೆ ಖಾಲಿ ಡಬ್ಬಿ ಕಳಿಸಿದ್ರಂತ. ಅವರು ಅವತ್ತಿಂದ ಸರಿಯಾಗಿ ಉಂಡಿಲ್ಲ."

ಸುವರ್ಣಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವನು ಇಟ್ಟಂಗಿ ಪುಸ್ತಕದ ಹಿಂದೆ ಅಡಗಲು ನೋಡಿದ. ಮೈ ಪುಸ್ತಕಕ್ಕಿಂತ ಅಗಲವಿತ್ತು.

"ಲೂಪ್ ನಿಲ್ಲಸಬೇಕಿತ್ತು" ಎಂದ.

"ನನ್ನ ಅಂಗಡಿ ನಿಲ್ಲಿಸೀರಿ. ಏಳ್ರಿ, ಅಂಗಿ ಹಾಕ್ಕೋರಿ."

ಸೂಗಮ್ಮನವರ ಮನೆಯಲ್ಲಿ, ಕರಿಗಡಬಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಭೀಮಾಶಂಕರ ಡೇಟಾಬೇಸ್ ವಿದ್ಯೆಯನ್ನು ಆಮೂಲಾಗ್ರ ವಿವರಿಸಿದ. "ಅಕ್ಕಾರ, ತಪ್ಪು ನಂದಲ್ರಿ, ಪ್ರೋಗ್ರಾಮಿಂದು" ಎಂದ.

"ಖಾಲಿ ಡಬ್ಬಿ ಕೊಡಾಕ ಪ್ರೋಗ್ರಾಮಿಗೆ ಕೈ ಅದಾವೇನ್ರೀಪಾ?"

ಭೀಮಾಶಂಕರ ಡಬ್ಬಿಯನ್ನು ಅವರ ಮುಂದೆ ಇಟ್ಟ. "ನಂದೇ ತಪ್ಪರಿ" ಎಂದ. ಸೂಗಮ್ಮ ಮೊದಲು ಕರಿಗಡಬು ಮುರಿದು ಬಾಯಿಗೆ ಹಾಕಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಶೀನ್ ಕೇಳಿದ್ರ ಮನಸಿಗೆ ಹತ್ತತೈತಿ. ನೀವ ಬಾಗಲಾಗ ಬಂದು ನಿಂತ್ರ ಎರಡು ಮಾತು ಆಗತಾವ. ನೀವ ಬರ್ರಿ" ಎಂದು ತೀರ್ಪು ಕೊಟ್ಟರು. ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಮರುದಿನದಿಂದ ಫೋನು ಮತ್ತೆ ಬಡಿದುಕೊಳ್ಳತೊಡಗಿತು.

ಮುಂದಿನ ಭಾನುವಾರ ನಸುಕಿನಲ್ಲಿ ಸುವರ್ಣಾ ಗಂಡನ ಮುಸುಕು ಎಳೆದಳು. ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು, ಮುಖದಲ್ಲಿ ಭಕ್ತಿ ಇತ್ತು.

"ನಿಮ್ಮ ದರ್ಬಾರು ಭಾಳ ಚಲೋ ಐತ್ರಿ. ಸುಮ್ಮನ ಬೈದೆ ನಾನು. ಈ ಗುಂಡಿ ಒತ್ತಿದ್ರ ಮನಿಗಳೆಲ್ಲಾ ದಾರಿ ಪ್ರಕಾರ ಸಾಲಾಗಿ ಬರತಾವ. ಮೊದಲು ನೀವು ಹಿಂದಮುಂದ ತಿರುಗಾಡಿ ಮಧ್ಯಾಹ್ನ ಮಾಡತಿದ್ರಿ. ಈಗ ನಾಷ್ಟಾದ ಹೊತ್ತಿಗೆ ಎಲ್ಲಾ ಮುಗೀತೈತಿ."

ಭೀಮಾಶಂಕರನ ಎದೆ ಉಬ್ಬಿತು. ತಡವಾಗಿಯಾದರೂ ವಿದ್ಯೆಗೆ ಬೆಲೆ ಬಂತು. ನಾಷ್ಟಾ ಮುಗಿಸಿ ಮಲಗಿದರೂ ಸಂಜೆಯವರೆಗೆ ನಿದ್ದೆ. ಅವನು ಹುರುಪಿನಿಂದ ಎದ್ದು ಕೂತು, "ಹಂಗಾದ್ರ ಉಳಿದ ಹೊತ್ತು?" ಎಂದು ಕೇಳಿದ.

"ಅದಕ್ಕ ಆ ಕಡೆ ಗಚ್ಚಿಬೌಲಿ ಗಿರಾಕಿನೂ ಹಿಡದೀನಿ" ಎಂದಳು ಸುವರ್ಣಾ, ಸ್ಕೂಟರಿನ ಕೀಲಿಯನ್ನು ಅವನ ಅಂಗೈಯಲ್ಲಿಡುತ್ತಾ.