ಜೀವನಾಂಶಕ್ಕೊಂದು ತಕರಾರು

ಕೋರ್ಟಿನ ಕಾಗದ ಬಂದಾಗ ಸೆವೆರೊ ತಿಕೋನಾ ಮಿನಿಬಸ್ ಓಡಿಸಲು ಹೋಗಿದ್ದ. ಕೆಳಮನೆಯ ದೋನ್ಯಾ ಹಸಿಂತಾ ಸಹಿ ಹಾಕಿ ಇಸಿದುಕೊಂಡಳು, ಮೊದಲ ಎರಡು ಸಾಲು ಓದಿದಳು, ಬೀದಿಗೆಲ್ಲ ಸುದ್ದಿ ಹಂಚಿದಳು. ಆಮೇಲೆ ಅದನ್ನು ತಾನು ಮಾರುವ ಆಪಿ ಎಂಬ ನೇರಳೆ ಜೋಳದ ಪಾನೀಯದ ಪಾತ್ರೆಯ ಅಡಿಗೆ ಇಟ್ಟು ಮರೆತಳು.

ವಿಚಾರಣೆಯ ದಿನ ಬೆಳಿಗ್ಗೆ ನೆನಪಾಗಿ ತಂದುಕೊಟ್ಟಾಗ ಅರ್ಧ ಕಾಗದ ನೇರಳೆ ಬಣ್ಣಕ್ಕೆ ತಿರುಗಿತ್ತು. ಓದಲು ಸಿಕ್ಕಿದ್ದು ಇಷ್ಟೇ: ಮಗಳ ಖರ್ಚಿಗೆ ಸೆವೆರೊ ಕೊಡುತ್ತಿರುವ ಜೀವನಾಂಶವನ್ನು ಬದಲಿಸಬೇಕೆಂದು ಮಾಜಿ ಹೆಂಡತಿ ನಿಯೆವೆಸ್ ಕೋರಿದ್ದಾಳೆ. ವಿಚಾರಣೆ ಇವತ್ತು ಹನ್ನೊಂದಕ್ಕೆ.

"ಎಷ್ಟು ಕೇಳಿದಾಳೆ ಅಕ್ಕಾ?"

"ಅದನ್ನ ಆಪಿ ಕುಡೀತಲ್ಲಪ್ಪ. ನಿನ್ನ ಬಸ್ಸು ಮಾರಿದ್ರೂ ಸಾಲದಷ್ಟು ಕೇಳಿರ್ತಾಳೆ ಬಿಡು."

ಆ ಬಸ್ಸು ಹೋದರೆ ಸೆವೆರೊನ ಹೊಟ್ಟೆಪಾಡೇ ಹೋದಂತೆ.

"ಹಳೇ ಕೋಟು ಹಾಕ್ಕೋ, ಬಡವನ ಹಾಗೆ ಕಾಣಬೇಕು," ಎಂದಳು ಹಸಿಂತಾ. ಹಾಗೆನ್ನುತ್ತಲೇ ಅವನ ಕೈಗೊಂದು ಚೀಲ ತುರುಕಿದಳು. ಅಂದು ಅಲಸೀತಾ ಹಬ್ಬ. ಬೇಕಾದ ವಸ್ತುವಿನ ಅಂಗೈಯಗಲದ ಪ್ರತಿಕೃತಿ ಕೊಂಡು ಮಧ್ಯಾಹ್ನಕ್ಕೆ ಧೂಪ ಹಾಕಿಸಿದರೆ ವರ್ಷದೊಳಗೆ ಅದು ನಿಜವಾಗಿ ಮನೆಗೆ ಬರುತ್ತದೆಂಬ ನಂಬಿಕೆ. ಬೇರೆಯವರು ಕೊಟ್ಟದ್ದಾದರೆ ಇನ್ನೂ ಬೇಗ. ಬೇಡವೆನ್ನುವಂತಿಲ್ಲ. ಬೀದಿ ದಾಟುವುದರೊಳಗೆ ಒಬ್ಬೊಬ್ಬರೂ ಹಾಕಿದ ಪುಟ್ಟ ಸಾಮಾನುಗಳಿಂದ ಚೀಲ ಬಸುರಿಯ ಹೊಟ್ಟೆಯಂತಾಯಿತು.

ಕೋರ್ಟಿನ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು ತಕರಾರು ಬರೆದುಕೊಡುವ ದೋನ್ ಎವರಿಸ್ತೊ ಈ ಊರಿನ ಮಾಜಿ ಗಂಡಂದಿರಿಗೆಲ್ಲ ದೇವರಿದ್ದ ಹಾಗೆ. ನೇರಳೆ ಕಾಗದವನ್ನು ಅವನು ಬೆಳಕಿಗೂ ಹಿಡಿಯಲಿಲ್ಲ.

"ಅವಳೇನು ಕೇಳಿದಾಳೆ ಅಂತ ಗೊತ್ತಾಗಬೇಡವೇ ಸ್ವಾಮಿ?"

"ನಂಗ್ಯಾಕೆ ಬೇಕು ಅದು? ಇಪ್ಪತ್ತು ವರ್ಷದಿಂದ ಎಲ್ಲರಿಗೂ ಒಂದೇ ಉತ್ತರ ಬರೀತಿದೀನಿ. ಹೆಸರು ಹೇಳು."

ಅವನು ಟೈಪ್ ಮಾಡಿದ್ದಕ್ಕೆ ಸೆವೆರೊ ಓದದೆಯೇ ಸಹಿ ಹಾಕಿ ಕೋರ್ಟಿಗೆ ಕೊಟ್ಟ. ಒಳಗೆ ನಿಯೆವೆಸ್ ಹೊಸ ಶಾಲು ಹೊದ್ದು ಕೂತಿದ್ದಳು. ಇವನ ಹರಕು ಕೋಟು ನೋಡಿ ಅವಳ ಮುಖ ಬಾಡಿತು. ನಾಟಕ ಚೆನ್ನಾಗೇ ನಡೆದಿದೆ ಎಂದು ಸೆವೆರೊಗೆ ಒಳಗೊಳಗೇ ಖುಷಿ.

"ನನ್ನ ಹತ್ರ ಏನೂ ಇಲ್ಲ ಮೇಡಂ," ಎಂದು ಅವನು ನ್ಯಾಯಾಧೀಶರಿಗೆ ಕೈಮುಗಿಯುವಾಗ ಚೀಲದ ಹಿಡಿ ಕಿತ್ತುಬಂತು. ಮೂರಂತಸ್ತಿನ ಮನೆ, ಎರಡು ಲಾರಿ, ಬೆರಳುದ್ದದ ಡಾಲರ್ ಕಟ್ಟುಗಳು ನ್ಯಾಯಾಧೀಶರ ಕಾಲಬಳಿ ಉರುಳಿದವು.

ಕೆಟ್ಟೆ ಎಂದುಕೊಂಡ. ಆದರೆ ನ್ಯಾಯಾಧೀಶರು ಬಗ್ಗಿ ಒಂದು ಲಾರಿ ಎತ್ತಿಕೊಟ್ಟರು. ಅವರ ಮೇಜಿನ ಮೇಲೂ ಪುಟ್ಟದೊಂದು ಮನೆಯಿತ್ತು. "ಹಬ್ಬದ ದಿನ ಇದನ್ನೆಲ್ಲ ಆಸ್ತಿ ಅಂತ ಲೆಕ್ಕ ಹಿಡಿಯೋಕಾಗಲ್ಲ. ನನಗೂ ಹನ್ನೆರಡಕ್ಕೆ ಧೂಪ ಹಾಕಿಸಬೇಕು, ಬೇಗ ಮುಗಿಸೋಣ. ಇವರ ಕೋರಿಕೆಗೆ ನಿಮ್ಮ ತಕರಾರಿದೆಯಾ?"

"ಪೂರ್ತಿ ಇದೆ ಮೇಡಂ. ಒಂದಕ್ಷರಾನೂ ಒಪ್ಪಲ್ಲ."

"ಯೋಚನೆ ಮಾಡಿದೀರಾ?"

"ಪ್ರಾಣ ಹೋದ್ರೂ ಇದೇ ಮಾತು."

ನ್ಯಾಯಾಧೀಶರು ಕುತೂಹಲದಿಂದ ಕನ್ನಡಕ ಏರಿಸಿಕೊಂಡರು. "ನಿಯೆವೆಸ್ ಅವರು ಬರೆದಿರೋದು, 'ಸೆವೆರೊ ಒಳ್ಳೆಯ ತಂದೆ, ಒಂದು ತಿಂಗಳೂ ತಪ್ಪಿಸಿದವರಲ್ಲ.' ನಿಮ್ಮ ಉತ್ತರ, 'ಇದು ಶುದ್ಧ ಸುಳ್ಳು.' ಅವರು, 'ನನ್ನ ತಿಂಡಿ ಅಂಗಡಿ ಚೆನ್ನಾಗಿ ನಡೀತಿದೆ, ಅವರು ಕೊಡೋದನ್ನ ಅರ್ಧಕ್ಕೆ ಇಳಿಸಿ' ಅಂದಿದಾರೆ. ನಿಮ್ಮ ಉತ್ತರ, 'ಈ ದುರಾಸೆಯ ಕೋರಿಕೆಯನ್ನು ಕೊನೆಯುಸಿರಿನವರೆಗೂ ವಿರೋಧಿಸುತ್ತೇನೆ.'"

ಸೆವೆರೊ ಕೈಲಿದ್ದ ಪುಟ್ಟ ಲಾರಿಯನ್ನು ಜೇಬಿಗಿಟ್ಟುಕೊಂಡು ಮುಂದೆ ಬಂದ.

"ಮೇಡಂ, ನಾನು... ಅದನ್ನ ವಾಪಸ್ ತಗೋತೀನಿ."

"ನನ್ನ ಅರ್ಜೀನೇ ವಾಪಸ್ ತಗೋತೀನಿ ಮೇಡಂ," ಎಂದಳು ನಿಯೆವೆಸ್, ಶಾಲು ಸರಿಮಾಡಿಕೊಳ್ಳುತ್ತ. "ದುರಾಸೆ ಅಂದ್ರಲ್ಲ. ಅಷ್ಟು ಆಸೆಪಟ್ಟು ಪೂರ್ತಿ ಕೊಡ್ತೀನಿ ಅನ್ನೋರನ್ನ ನಾನ್ಯಾಕೆ ತಡೀಲಿ?"

ಜೀವನಾಂಶ ಇದ್ದಷ್ಟೇ ಉಳಿಯಿತು. ಮನೆಯ ಬಾಗಿಲಲ್ಲಿ ಬೀದಿಗೆ ಬೀದಿಯೇ ಕಾದಿತ್ತು.

"ಒಂದು ಕಾಸೂ ಏರಲಿಲ್ಲ ತಾನೆ?" ಎಂದಳು ಹಸಿಂತಾ.

"ಇಲ್ಲ ಅಕ್ಕಾ."

"ನೋಡಿದ್ಯಾ, ಗೆದ್ದೆ. ಎಲ್ಲರಿಗೂ ಬಿಯರ್ ಕೊಡಿಸು."

ನಿಜ ಹೇಳಿದರೆ ವರ್ಷವೆಲ್ಲ ಇವರ ಬಾಯಿಗೆ ತಿಂಡಿಯಾಗುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಸೆವೆರೊ ಕೋಟಿನ ಜೇಬಿಗೆ ಕೈಹಾಕಿ, ಎಲ್ಲರಿಗೂ ಬಿಯರ್ ಕೊಡಿಸಿದ.